ಸಮಕಾಲೀನ ಕಲೆ ಮಾಡುವುದು, ಅದನ್ನು ಜನರಿಗೆ ತಲುಪಿಸುವುದು: ಎರಡನ್ನೂ ಒಟ್ಟಿಗೆ ಓದಬಹುದಾ?

ಕಲೆ ಮಾಡುವುದನ್ನೂ ಅದನ್ನು ಜನರಿಗೆ ತಲುಪಿಸುವುದನ್ನೂ ಒಟ್ಟಿಗೆ ಕಲಿಸುವ ಕೋರ್ಸಿಗೆ ಸೇರಬಹುದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಎರಡು ಅನುಮಾನಗಳಿವೆ. ಚಿತ್ರ ಬಿಡಿಸುವುದರಲ್ಲಿ ಕೈ ಪಳಗದವರು ಸಮಕಾಲೀನ ಕಲೆ ಓದಬಹುದಾ? ಕಲೆ ಮಾಡುವುದು, ಅದರ ಬಗ್ಗೆ ಬೇರೆ ಬೇರೆ ಜನರ ಹತ್ತಿರ ಮಾತಾಡುವುದು, ಎರಡನ್ನೂ ಒಂದೇ ಕೋರ್ಸಿನಲ್ಲಿ ಕಲಿಯಲು ಹೋದರೆ ಯಾವುದೂ ಸರಿಯಾಗಿ ಕೈಗೆ ಹತ್ತದೇ ಹೋಗುತ್ತದಾ? ನಾನು ಇಂಥದ್ದೇ ಕೋರ್ಸ್ ಓದಿದವಳು. ಈಗ ಸ್ಟುಡಿಯೋ ಕೆಲಸದ ಜೊತೆಗೆ ಗ್ಯಾಲರಿಗೆ ಬರುವ ಗುಂಪುಗಳನ್ನು ಕರೆದುಕೊಂಡು ಕೃತಿಗಳ ಮುಂದೆ ನಿಂತು ಮಾತಾಡಿಸುತ್ತೇನೆ. ಹಾಗಾಗಿ ಅನುಭವದಿಂದಲೇ ಹೇಳುತ್ತೇನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಓದಬಹುದು. ಅಮೆರಿಕದ ಕಲಾವಿದ ಸೋಲ್ ಲೆವಿಟ್ 1968ರಿಂದ ಗೋಡೆಯ ಮೇಲಿನ ಚಿತ್ರಗಳನ್ನು ಮಾಡಿದರು. ಎಷ್ಟೋ ಕೃತಿಗಳಲ್ಲಿ ಅವರು ಕೊಟ್ಟಿದ್ದು ಸೂಚನೆ, ಗೋಡೆಯ ಮೇಲೆ ಗೆರೆ ಎಳೆದವರು ಬೇರೆಯವರು. ಹಾಗಂತ ಚಿತ್ರ ಬಿಡಿಸುವುದನ್ನು ಬಿಟ್ಟುಬಿಡಬೇಡಿ. ಒಂದು ವಸ್ತುವನ್ನು ಅರ್ಧ ಗಂಟೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಎರಡನೆಯ ಅನುಮಾನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಎರಡು ಕೆಲಸಗಳು ಬೇರೆ ಬೇರೆ ಅಂತ ನನಗೆ ಅನಿಸುವುದೇ ಇಲ್ಲ.

ಇಂಥ ಕೋರ್ಸುಗಳಲ್ಲಿ ನಮಗೆ ಹೆಚ್ಚು ಕಲಿಸುವುದು ಕ್ರಿಟ್, ಅಂದರೆ ವಿಮರ್ಶೆಯ ತರಗತಿ. ನಿಮ್ಮ ಕೆಲಸವನ್ನು ಎಲ್ಲರ ಮುಂದೆ ಇಡುತ್ತೀರಿ, ಉಳಿದವರು ಅದರ ಬಗ್ಗೆ ಮಾತಾಡುತ್ತಾರೆ. ಮೊದಲ ಸುತ್ತಿನಲ್ಲಿ ಮಾಡಿದವರು ಬಾಯಿ ಬಿಡುವ ಹಾಗಿಲ್ಲ ಅಂತ ಎಷ್ಟೋ ಮೇಷ್ಟ್ರುಗಳು ನಿಯಮ ಹಾಕುತ್ತಾರೆ. ಇದು ಕಷ್ಟ, ಆದರೆ ತುಂಬಾ ಬೆಲೆಬಾಳುವ ನಿಯಮ. ನೀವು ಅಜ್ಜಿಯ ನೆನಪು ಅಂತ ಮಾಡಿದ್ದನ್ನು ಇನ್ನೊಬ್ಬರು ಆಸ್ಪತ್ರೆಯ ಕೋಣೆ ಅಂತ ಓದುತ್ತಾರೆ. ಆಗ ನೀವೇ ಕೇಳಿಕೊಳ್ಳಬೇಕು: ಹಾಗೆ ಅನಿಸಿದ್ದು ಬಿಳಿ ಬಟ್ಟೆಯಿಂದಲೋ, ಟ್ಯೂಬ್‌ಲೈಟಿನ ಬೆಳಕಿನಿಂದಲೋ? ಬದಲಿಸಬೇಕಾ, ಇಲ್ಲ ಆ ಓದನ್ನೂ ಒಳಗೆ ಸೇರಿಸಿಕೊಳ್ಳಬೇಕಾ? ಈ ಪ್ರಶ್ನೆ ಕೇಳಿಕೊಳ್ಳುವಾಗ ನೀವು ಕೃತಿ ಮಾಡುತ್ತಿದ್ದೀರಾ, ಜನರಿಗೆ ತಲುಪಿಸುತ್ತಿದ್ದೀರಾ? ಬೇರೆ ಮಾಡಿ ಹೇಳುವುದು ಕಷ್ಟ, ಅಲ್ವಾ?

ಇನ್ನು ಬೇರೆ ಬೇರೆ ಜನರ ವಿಷಯ. ನಾನು ಮತ್ತೆ ಮತ್ತೆ ನೆನೆಯುವ ಒಂದು ಕೃತಿ ಇದೆ. ಫೀಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅನ್ನುವ ಕಲಾವಿದ 1991ರಲ್ಲಿ ಮಾಡಿದ್ದು, ಹೆಸರು 'ಶೀರ್ಷಿಕೆಯಿಲ್ಲದ್ದು' (ಎಲ್.ಎ.ಯಲ್ಲಿ ರಾಸ್‌ನ ಭಾವಚಿತ್ರ). ಕೋಣೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ. ಅದರ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ನೋಡಲು ಬಂದವರು ಒಂದೊಂದು ತೆಗೆದುಕೊಂಡು ಹೋಗಬಹುದು. ರಾಶಿ ಕರಗುತ್ತದೆ, ಮತ್ತೆ ತುಂಬಿಸಬಹುದು. ಹೆಸರಿನಲ್ಲಿರುವ ರಾಸ್, ಕಲಾವಿದನ ಸಂಗಾತಿ. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡರು. ಆ ತೂಕವನ್ನು ಆರೋಗ್ಯವಾಗಿದ್ದಾಗಿನ ರಾಸ್ ದೇಹದ ತೂಕ ಅಂತ ಎಷ್ಟೋ ಜನ ಓದುತ್ತಾರೆ.

ಇದರ ಮುಂದೆ ಮಕ್ಕಳ ಗುಂಪು ನಿಂತಿದೆ ಅಂದುಕೊಳ್ಳಿ. ನಾನು 'ತಗೋಬಹುದು' ಅಂತ ಮಾತ್ರ ಹೇಳಿ ಸುಮ್ಮನಾಗುತ್ತೇನೆ. ಎಲ್ಲರೂ ತೆಗೆದುಕೊಂಡರೆ ಏನಾಗುತ್ತದೆ ಅಂತ ಅವರೇ ಕೇಳುತ್ತಾರೆ. ಕಣ್ಣು ಕಾಣದವರಿದ್ದರೆ ಒಂದು ಮಿಠಾಯಿ ಅವರ ಕೈಗೆ ಬರಬೇಕು, ಕಾಗದದ ಸದ್ದು ಕೇಳಬೇಕು, ರಾಶಿಯ ಎತ್ತರ ಎಲ್ಲಿವರೆಗೆ ಅಂತ ಹೇಳಬೇಕು. 'ಇದೂ ಒಂದು ಕಲೆನಾ' ಅಂತ ಸಿಟ್ಟಿನಲ್ಲಿ ಬಂದವರ ಹತ್ತಿರ ತೂಕದಿಂದ ಶುರು ಮಾಡುತ್ತೇನೆ. ಕಲಾ ಇತಿಹಾಸ ಓದಿದವರ ಹತ್ತಿರ, ಮತ್ತೆ ತುಂಬಿಸುವುದು ಅಂದರೆ ಏನು ಅನ್ನುವುದರಿಂದ. ಕೃತಿ ಒಂದೇ, ಮಾತು ಶುರುವಾಗುವ ಜಾಗ ಬೇರೆ. ಯಾರಿಗೂ ಅದನ್ನು ತೆಳುಮಾಡಿ ಹೇಳಬೇಕಾಗಿಲ್ಲ. ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂತ ಸಾವಿನ ವಿಷಯವನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ.

ಪಕ್ಕದಲ್ಲಿ ಬರೆದು ಅಂಟಿಸುವ ಲೇಬಲ್ ಕೂಡ ಸಣ್ಣ ವಿಷಯ ಅಲ್ಲ. 2022ರಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋದಲ್ಲಿ ಈ ಕೃತಿಯ ಲೇಬಲ್‌ನಲ್ಲಿ ರಾಸ್ ವಿಷಯವೂ ಏಡ್ಸ್ ವಿಷಯವೂ ಇಲ್ಲ ಅಂತ ಜನ ತಕರಾರು ತೆಗೆದರು. ಮ್ಯೂಸಿಯಂ ಲೇಬಲ್ ಬದಲಿಸಿತು. ಆ ನಾಲ್ಕು ಸಾಲು ಇಲ್ಲದಿದ್ದರೆ ಒಬ್ಬ ಮನುಷ್ಯನೇ ಕೋಣೆಯಿಂದ ಕಾಣೆಯಾಗುತ್ತಾನೆ. ಇದ್ದರೆ, ಬೇರೆ ಓದುಗಳಿಗೆ ಜಾಗ ಕಡಿಮೆಯಾಗುತ್ತದೆ ಅನ್ನುವವರೂ ಇದ್ದಾರೆ. ನಾನು ಹೆಸರು ಇರಲಿ ಅನ್ನುವವರ ಕಡೆ.

ಮಾತಾಡಿಸುವ ವಿಧಾನಗಳಲ್ಲಿ ಒಂದನ್ನು ಈಗಲೇ ಕಲಿತುಕೊಳ್ಳಿ. ಹೆಸರು ವಿಷುಯಲ್ ಥಿಂಕಿಂಗ್ ಸ್ಟ್ರಾಟಜೀಸ್, ಮ್ಯೂಸಿಯಂ ಶಿಕ್ಷಕ ಫಿಲಿಪ್ ಯೆನವೈನ್ ಮತ್ತು ಮನಃಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ರೂಪಿಸಿದ್ದು, ಇರುವುದು ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ? ಏನನ್ನು ನೋಡಿ ಹಾಗೆ ಹೇಳ್ತಿದ್ದೀರಿ? ಇನ್ನೇನು ಕಾಣಿಸ್ತಿದೆ? ಎರಡನೆಯದೇ ಜೀವ. ಅಭಿಪ್ರಾಯ ಹೇಳಿದವರು ಮತ್ತೆ ಕೃತಿಯ ಕಡೆ ತಿರುಗಲೇಬೇಕಾಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಸರುವಾಸಿ ಕೃತಿಗಳ ಮುಂದೆಯೂ ಅರ್ಧದಷ್ಟು ಸಲ ಜನ ನಿಂತಿದ್ದು 17 ಸೆಕೆಂಡಿಗಿಂತ ಹೆಚ್ಚಲ್ಲ. ಅಂಥ ಜನರನ್ನು ಹತ್ತು ನಿಮಿಷ ನಿಲ್ಲಿಸುವ ಶಕ್ತಿ ಆ ಒಂದು ಪ್ರಶ್ನೆಗಿದೆ. ಆದರೆ ಮಿಠಾಯಿ ರಾಶಿಯಂಥ ಕೃತಿಗೆ ಇದೊಂದೇ ಸಾಲದು. ಎಷ್ಟು ನೋಡಿದರೂ ರಾಸ್ ಕಣ್ಣಿಗೆ ಕಾಣುವುದಿಲ್ಲ. ಅವರ ವಿಷಯವನ್ನು ಯಾವ ಹೊತ್ತಿಗೆ ಹೇಳಬೇಕು ಅನ್ನುವುದು ಅಭ್ಯಾಸದಿಂದಲೇ ಬರುತ್ತದೆ.

ಕೆಲವು ಕಲಾವಿದರಿಗಂತೂ ಜನರನ್ನು ತಲುಪುವುದೇ ಕೃತಿ. ಮಿಯರ್ಲ್ ಲೇಡರ್ಮನ್ ಯೂಕಲೆಸ್ 1979–80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಕೈ ಕುಲುಕಿ, ಊರನ್ನು ಜೀವಂತ ಇಟ್ಟಿದ್ದಕ್ಕೆ ಧನ್ಯವಾದ ಹೇಳಿದರು. ಇಲ್ಲಿ ಸ್ಟುಡಿಯೋ ಎಲ್ಲಿ ಮುಗಿಯಿತು, ಪ್ರೇಕ್ಷಕರು ಎಲ್ಲಿ ಶುರುವಾದರು?

ಕೋರ್ಸ್ ಆರಿಸುವಾಗ ಕಾಲೇಜಿನ ಹೆಸರಿಗಿಂತ ಎರಡು ವಿಷಯ ವಿಚಾರಿಸಿ. ವಿದ್ಯಾರ್ಥಿಗಳ ಕೆಲಸ ಕಾಲೇಜಿನ ಹೊರಗಿನವರ ಕಣ್ಣಿಗೆ ಬೀಳುತ್ತದಾ? ಲೇಬಲ್ ಬರೆಸುವುದು, ಗುಂಪುಗಳನ್ನು ನಡೆಸಿಕೊಂಡು ಹೋಗುವುದು ಪಾಠದಲ್ಲಿ ಸೇರಿದೆಯಾ, ಇಲ್ಲ ಬರೀ ಸಿದ್ಧಾಂತವಾ? ಹಣದ ವಿಷಯದಲ್ಲಿ ಕನಸು ಬೇಡ. ಗ್ಯಾಲರಿ ಶಿಕ್ಷಣದ ಕೆಲಸಗಳಲ್ಲಿ ತುಂಬಾ ಕಡೆ ಸಂಬಳ ಕಡಿಮೆ, ಗುತ್ತಿಗೆ ಜಾಸ್ತಿ.

ಪ್ರವೇಶಕ್ಕೆ ಕೊಡುವ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನಿಮ್ಮ ಕೆಲಸಗಳ ಸಂಗ್ರಹದಲ್ಲಿ, ಚೆಂದದ ಫೋಟೋಗಳನ್ನು ಮಾತ್ರ ತುಂಬಬೇಡಿ. ಒಂದು ಕೆಲಸ ಹೇಗೆ ಬದಲಾಯಿತು ಅನ್ನುವುದನ್ನು ಮೊದಲ ಗೀಚಿನಿಂದ ತೋರಿಸಿ. ಜೊತೆಗೆ ಅದೇ ಕೆಲಸದ ಬಗ್ಗೆ ಎರಡು ಚಿಕ್ಕ ಬರಹ ಇಡಿ, ಒಂದು ಹತ್ತು ವರ್ಷದ ಮಗುವಿಗೆ, ಇನ್ನೊಂದು ಪ್ರದರ್ಶನ ರೂಪಿಸುವ ಕ್ಯುರೇಟರ್‌ಗೆ. ಬರೆದ ಮೇಲೆ ಒಂದು ನಿಜವಾದ ಮಗುವಿಗೆ ಓದಿ ಹೇಳಿ, ಅದು ಎಲ್ಲಿ ತಡೆದು ಪ್ರಶ್ನೆ ಕೇಳಿತು ಅಂತ ಗುರುತು ಹಾಕಿಕೊಳ್ಳಿ. ಸಂದರ್ಶನದಲ್ಲಿ ಮಾತಾಡುವುದಕ್ಕೆ ಅಷ್ಟು ಸಾಮಗ್ರಿ ಸಾಕು.