ಗಣಿಯ ಬಾಯಿ ಮುಚ್ಚುವ ಮೊದಲು

ಪ್ರಶ್ನೆ: ಕೆಲಸ ನಿಂತು ಎಷ್ಟೋ ವರ್ಷವಾದ ಒಂದು ಗಣಿ ಸುರಂಗ ಇದೆ. ಸಂಜೆಯಾದರೆ ನೂರಾರು ಬಾವಲಿಗಳು ಅದರಿಂದ ಹೊರಡುತ್ತವೆ. ಮಕ್ಕಳು ಒಳಗೆ ನುಗ್ಗಿಯಾರು ಎಂಬ ಭಯದಿಂದ ಅದರ ಬಾಯಿಗೆ ಕಲ್ಲಿನ ಗೋಡೆ ಕಟ್ಟಿಬಿಡೋಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ಬಾವಲಿಗಳು ಬೇರೆ ಕಡೆ ಹೋಗುತ್ತವೆ, ಅಲ್ವಾ?

ಉತ್ತರ: ದಯವಿಟ್ಟು ಗೋಡೆ ಕಟ್ಟಬೇಡಿ. ಹಗಲು ಮುಚ್ಚಿದರೆ ಒಳಗಿರುವ ಅಷ್ಟೂ ಬಾವಲಿಗಳು ಅಲ್ಲೇ ಸಾಯುತ್ತವೆ. ರಾತ್ರಿ ಮುಚ್ಚಿದರೂ, ಮರಿ ಹಾಕುವ ಕಾಲವಾಗಿದ್ದರೆ, ತಾಯಂದಿರು ಹೊರಗೆ, ಹಾರಲು ಬಾರದ ಮರಿಗಳು ಒಳಗೆ. ಹೆಚ್ಚಿನ ಜಾತಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ, ಹಾಗಾಗಿ ಒಂದು ಗುಂಪು ಹೋದರೆ ಅದು ಮತ್ತೆ ತುಂಬಿಕೊಳ್ಳಲು ಬಹಳ ವರ್ಷ ಬೇಕು.

ಇನ್ನು ಬೇರೆ ಕಡೆ ಹೋಗುವ ಮಾತು. ಬಾವಲಿಗೆ ಯಾವುದೋ ಒಂದು ತೂತು ಸಿಕ್ಕರೆ ಸಾಲದು. ಅದು ಹುಡುಕುವುದು ಆ ತೂತಿನೊಳಗಿನ ಗಾಳಿಯನ್ನು: ಎಷ್ಟು ತಂಪು, ಎಷ್ಟು ತೇವ, ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ. ಅಮೆರಿಕದ ಇಂಡಿಯಾನಾದ ವಯಾಂಡಾಟ್ ಗುಹೆಯ ಬಾಯಿಗೆ ಕಲ್ಲಿನ ಗೋಡೆ ಕಟ್ಟಿದ್ದರು. ಗಾಳಿಯ ಓಡಾಟ ತಗ್ಗಿ ಒಳಗೆ ಬಿಸಿ ಜಾಸ್ತಿಯಾಯಿತು, ಚಳಿಗಾಲ ಕಳೆಯಲು ಬರುತ್ತಿದ್ದ ಇಂಡಿಯಾನಾ ಬಾವಲಿಗಳ ಸಂಖ್ಯೆ ಕುಸಿಯಿತು. ಗೋಡೆ ತೆಗೆದ ಮೇಲೆ ಮತ್ತೆ ಏರಿತು. ಎಷ್ಟೋ ಗುಹೆಗಳಲ್ಲಿ ಜನರ ಓಡಾಟ ಹೆಚ್ಚಿ ನೆಮ್ಮದಿ ಹೋಗಿದೆ. ಅಲ್ಲಿಂದ ಹೊರಬಿದ್ದ ಬಾವಲಿಗಳಿಗೆ ಹಳೆಯ ಗಣಿಗಳೇ ಆಸರೆ. ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯನ್ನೇ ನೋಡಿ. ಕೋಲಾರದ ಎಲೆಮೂಗಿನ ಬಾವಲಿಗೆ ಇಡೀ ಪ್ರಪಂಚದಲ್ಲಿ ಈಗ ಗೊತ್ತಿರುವ ಮನೆ ಅಲ್ಲಿನ ಒಂದು ಗುಹೆ ಮಾತ್ರ, ಅದಕ್ಕೂ ಗ್ರಾನೈಟ್ ಗಣಿಗಾರಿಕೆಯ ಕಾಟ ತಪ್ಪಿರಲಿಲ್ಲ. ಅದು ಹೋದರೆ ಇನ್ನೆಲ್ಲಿಗೆ ಹೋಗಬೇಕು ಅವು?

ಮಕ್ಕಳ ಬಗ್ಗೆ ನಿಮ್ಮ ಭಯ ಮಾತ್ರ ನೂರಕ್ಕೆ ನೂರು ಸರಿ. ಹಳೆಯ ಗಣಿಯಲ್ಲಿ ಕೊಳೆತ ಮರದ ಆಸರೆ ಇರುತ್ತದೆ, ಕತ್ತಲಲ್ಲಿ ಕಾಣದ ಆಳದ ಗುಂಡಿ ಇರುತ್ತದೆ, ಕೆಲವು ಕಡೆ ಉಸಿರಾಡುವ ಗಾಳಿಯೇ ಇರುವುದಿಲ್ಲ. ಇದಕ್ಕೆ ಉಪಾಯ ಕಬ್ಬಿಣದ ಗೇಟು. ಸರಳುಗಳು ಅಡ್ಡಡ್ಡ ಇರಬೇಕು, ಎರಡರ ನಡುವೆ ಸುಮಾರು 146 ಮಿಲಿಮೀಟರ್, ಅಂದರೆ ಐದೂಮುಕ್ಕಾಲು ಇಂಚು ಜಾಗ ಬಿಡುವುದು ರೂಢಿ. ಉದ್ದುದ್ದ ಕಂಬಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮನುಷ್ಯ ನುಸುಳಲಾರ, ಬಾವಲಿ ಹಾರಿಹೋಗುತ್ತದೆ, ಗಾಳಿಯೂ ಮೊದಲಿನಂತೆ ಆಡುತ್ತದೆ. ಆದರೆ ಇದು ಎಲ್ಲ ಜಾತಿಗೂ ಒಗ್ಗುವುದಿಲ್ಲ. ಸಾವಿರಾರು ಒಟ್ಟಿಗೆ ಹೊಳೆಯಂತೆ ಹೊರಡುವ ಕೆಲವು ಬಾವಲಿಗಳಿಗೆ ಸರಳೇ ತಡೆ, ಅಂಥ ಕಡೆ ಬಾಯಿಯಿಂದ ದೂರದಲ್ಲಿ ಸುತ್ತ ಬೇಲಿ ಹಾಕುತ್ತಾರೆ. ಅದಕ್ಕೇ ಮೊದಲು ಯಾವ ಜಾತಿ ಅಂತ ಬಲ್ಲವರಿಂದ ತಿಳಿದುಕೊಳ್ಳಿ. ಮರಿಗಳಿರುವಾಗ, ಚಳಿಗಾಲದ ನಿದ್ದೆಯಲ್ಲಿರುವಾಗ ಕೆಲಸ ಶುರು ಮಾಡಬೇಡಿ.

ಒಂದು ದಿನ ಇಣುಕಿ ನೋಡಿ ಖಾಲಿ ಇದೆ ಅಂತ ತೀರ್ಮಾನಿಸುವುದೂ ತಪ್ಪು. ವರ್ಷದಲ್ಲಿ ಕೆಲವೇ ವಾರ ಬಳಸುವ ಜಾಗಗಳೂ ಇವೆ.

ಪ್ರಶ್ನೆ: ಗುಹೆಯೊಳಗೆ ಸುಮ್ನೆ ಹೋಗಿ ಒಂದೆರಡು ಫೋಟೊ ತೆಗೆದು ಬಂದರೆ ಏನು ತೊಂದರೆ?

ಉತ್ತರ: ತೊಂದರೆ ಇದೆ. ಚಳಿಗಾಲದ ನಿದ್ದೆಯಲ್ಲಿರುವ ಬಾವಲಿ ಒಂದು ಸಲ ಎಚ್ಚರವಾದರೆ ವಾರಗಟ್ಟಲೆ ಸಾಕಾಗುವ ಕೊಬ್ಬು ಕರಗಿಹೋಗುತ್ತದೆ. ಹೊರಗೆ ತಿನ್ನಲು ಹುಳು ಇರುವುದಿಲ್ಲ, ಚಳಿಗಾಲ ಮುಗಿಯುವ ಮೊದಲೇ ಸಾಯಬಹುದು. ಮರಿಗಳ ಕಾಲದಲ್ಲಿ ಟಾರ್ಚ್ ಬಿಟ್ಟರೆ ಗಾಬರಿಯಲ್ಲಿ ಮರಿಗಳು ಕೆಳಗೆ ಬೀಳುತ್ತವೆ. ನಿಮ್ಮ ಶೂಗಳ ಮಾತೂ ಇದೆ. ಉತ್ತರ ಅಮೆರಿಕದಲ್ಲಿ 2006ರ ಚಳಿಗಾಲದಲ್ಲಿ ಮೊದಲು ಕಾಣಿಸಿಕೊಂಡ ಬಿಳಿಮೂಗಿನ ರೋಗ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಅದನ್ನು ತರುವ ಬೂಷ್ಟು ಜನರ ಬಟ್ಟೆ, ಬೂಟು, ಹಗ್ಗಕ್ಕೆ ಅಂಟಿಕೊಂಡು ಗುಹೆಯಿಂದ ಗುಹೆಗೆ ಹೋಗಬಲ್ಲದು. ಹಿಕ್ಕೆಯ ಧೂಳು ಉಸಿರಿನಲ್ಲಿ ಹೋದರೆ ನಿಮಗೂ ಶ್ವಾಸಕೋಶದ ಸೋಂಕು ಆಗಬಹುದು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಲಿ ಮುಟ್ಟಲೇಬೇಡಿ, ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಬಾವಲಿ ನೋಡುವ ಆಸೆ ಇದ್ದರೆ ಸಂಜೆ ಹೊರಗೇ, ಅವು ಹಾರುವ ದಾರಿಗೆ ಅಡ್ಡವಾಗದೆ, ದೀಪ ಆರಿಸಿ ಕುಳಿತುಕೊಳ್ಳಿ. ಹೊರಡುವಾಗ ಎಣಿಸಿ, ದಿನಾಂಕ ಬರೆದಿಡಿ, ತಿಂಗಳಿಗೊಮ್ಮೆ ಹೀಗೇ ಮಾಡಿ. ಗೇಟು ಮಾಡುವವರು ಬಂದ ದಿನ ಮೊದಲು ಕೇಳುವುದು ಆ ಲೆಕ್ಕವನ್ನೇ.