ಕ್ರೈಸ್ತ ನಂಬಿಕೆ ಎಂದರೆ ಪ್ರಶ್ನೆ ಕೇಳದೆ ಒಪ್ಪಿಕೊಳ್ಳುವುದೇ?

ಅಲ್ಲ. ಅದು ಕ್ರಿಸ್ತನ ಮೇಲೆ ಇಡುವ ಭರವಸೆ. ಆ ಭರವಸೆಗೆ ಆಧಾರವಿದೆಯೇ ಎಂದು ನೋಡುವುದು ಬುದ್ಧಿಯ ಕೆಲಸ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಬಂದು ಮೇಣದಬತ್ತಿ ಹಚ್ಚುವವರೆಲ್ಲ ಇಷ್ಟು ಲೆಕ್ಕ ಹಾಕುತ್ತಾರೆ ಅಂತಲ್ಲ.

ಕೆ.ಆರ್. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಸಹಿ ಹಾಕುವವರು ವೈದ್ಯಶಾಸ್ತ್ರ ಓದಿರುವುದಿಲ್ಲ. ಡಾಕ್ಟರು ನಂಬಲು ತಕ್ಕವರೇ ಎಂದು ವಿಚಾರಿಸಿ, ಉಳಿದದ್ದನ್ನು ಅವರ ಮೇಲೆ ಬಿಡುತ್ತಾರೆ. ಇಲ್ಲೂ ಪರೀಕ್ಷೆಗೆ ಒಳಗಾಗುವುದು ಮುಖ್ಯವಾಗಿ ಸಾಕ್ಷಿ. ಕ್ರಿಸ್ತ ಸತ್ತು ಎದ್ದದ್ದು ಸುಳ್ಳಾದರೆ ನಮ್ಮ ನಂಬಿಕೆಯೇ ವ್ಯರ್ಥ ಎಂದು ಮೊದಲ ಶತಮಾನದ ಕ್ರೈಸ್ತ ಪ್ರಚಾರಕ ಪೌಲ, ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ನೇರವಾಗಿ ಬರೆದ. ಎದ್ದ ಕ್ರಿಸ್ತನನ್ನು ಕಂಡವರು 500ಕ್ಕೂ ಹೆಚ್ಚು ಜನ, ಬಹುಪಾಲು ಇನ್ನೂ ಬದುಕಿದ್ದಾರೆ ಎಂದೂ ಸೇರಿಸಿದ. ಕುರುಡಾಗಿ ನಂಬಿ ಎನ್ನುವವನು ಸಾಕ್ಷಿಗಳ ಪಟ್ಟಿ ಕೊಡುವುದಿಲ್ಲ.

ಬುದ್ಧಿಗೂ ಗಡಿಯಿದೆ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಪ್ರಕಾರ ದೇವರಿದ್ದಾನೆ ಎಂಬಲ್ಲಿಗೆ ತರ್ಕದಿಂದಲೇ ಹೋಗಬಹುದು. ಆದರೆ ತ್ರಿತ್ವ, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಆಗಿರುವುದು, ದೇವರೇ ತಿಳಿಸದೆ ಗೊತ್ತಾಗದು. ಅಲ್ಲಿ ಬುದ್ಧಿ ಅದನ್ನು ಸಾಬೀತು ಮಾಡುವುದಿಲ್ಲ. ಅದರ ವಿರುದ್ಧದ ವಾದಗಳಿಗೆ ಉತ್ತರ ಕೊಡುತ್ತದೆ, ಅಷ್ಟೇ.

ಎಡವುವುದು ಎರಡು ಕಡೆ: ಬುದ್ಧಿಯೇ ಬೇಡ ಎನ್ನುವುದು, ಎಲ್ಲವನ್ನೂ ಬುದ್ಧಿಯಿಂದಲೇ ಸಾಧಿಸುತ್ತೇವೆ ಎನ್ನುವುದು. ಕ್ಯಾಥೊಲಿಕ್ ಸಭೆ 1870ರ ವ್ಯಾಟಿಕನ್ ಮಹಾಸಭೆಯಲ್ಲಿ ಎರಡನ್ನೂ ತಳ್ಳಿಹಾಕಿತು. ಆದರೆ ಪ್ರೊಟೆಸ್ಟೆಂಟರಲ್ಲಿ, ಪಾಪದಿಂದ ಬುದ್ಧಿಯೂ ಕೆಟ್ಟಿದೆ, ಅದನ್ನು ಅಷ್ಟು ನೆಚ್ಚಬಾರದು ಎನ್ನುವವರು ಹಲವರಿದ್ದಾರೆ.