ಅಕ್ಕೋರನ್ನು ಕೇಳಿ: ಮಸಾಸಿಯಲ್ಲಿ ಒಂದು ವರ್ಷ

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. 2017ರಲ್ಲಿ ಒಂದು ವರ್ಷ ಟಾಂಜಾನಿಯಾದ ದಕ್ಷಿಣಕ್ಕೆ ಹೋಗಿ, ಮಸಾಸಿ ಹತ್ತಿರದ ಚರ್ಚ್ ಶಾಲೆಯೊಂದರಲ್ಲಿ ಗಣಿತ ಕಲಿಸಿ ಬಂದೆ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಅವಕ್ಕೇ ಉತ್ತರ. ಎಸ್ಸೆಸ್ಸೆಲ್ಸಿ, ಟ್ಯೂಷನ್ ಪ್ರಶ್ನೆ ಕೇಳಿದವರು ಮುಂದಿನ ತಿಂಗಳವರೆಗೆ ತಡೆಯಬೇಕು.

ವಂದನೆಗಳು ಅಕ್ಕೋರೆ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದೇನೆ. ನಮ್ಮ ಚರ್ಚ್ ಸಭೆಯ ಮೂಲಕ ಆಫ್ರಿಕಾದಲ್ಲಿ ಒಂದು ವರ್ಷ ಟೀಚರ್ ಆಗಿ ಸೇವೆ ಮಾಡುವ ಅವಕಾಶ ಬಂದಿದೆ. ದೇವರ ಕರೆ ಅಂತಲೇ ನನಗೆ ಅನಿಸುತ್ತದೆ. ಅಪ್ಪ ಮಾತ್ರ "ಮೊದಲು ಮದುವೆ, ಆಮೇಲೆ ಸೇವೆ" ಅಂತಾರೆ. ಏನು ಮಾಡಲಿ? (ಹುಮನಾಬಾದ್)

ತಂಗಿ, ಕರೆ ಬಂದಿದೆಯೋ ಇಲ್ಲವೋ ಅನ್ನುವುದು ನಿನಗೆ ಗೊತ್ತು, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ನನ್ನ ಪ್ರಶ್ನೆ ಬೇರೆ. ನೀನು ಇಲ್ಲಿ ತರಗತಿಯಲ್ಲಿ ನಿಂತು ಪಾಠ ಮಾಡಿದ್ದೀಯಾ? ಬಿ.ಎಡ್.ನ ಪಾಠಾಭ್ಯಾಸ ಲೆಕ್ಕಕ್ಕಿಲ್ಲ. ಐವತ್ತು ಮಕ್ಕಳು, ಮಧ್ಯಾಹ್ನದ ಸೆಕೆ, ಕರೆಂಟ್ ಇಲ್ಲ, ಹಿಂದಿನ ಬೆಂಚಿನಲ್ಲಿ ಗಲಾಟೆ, ಅಂಥ ಕಡೆ ಎರಡು ವರ್ಷ ಕಲಿಸಿ ನೋಡು. ಆಮೇಲೆ ಹೋಗು. ಯಾಕೆಂದರೆ ಅಲ್ಲಿಗೆ ಬೇಕಾಗಿರುವುದು ಪಾಠ ಮಾಡಲು ಬರುವವರು, ಹುರುಪು ಒಂದೇ ಇದ್ದವರು ಹೊರೆಯಾಗುತ್ತಾರೆ.

ನಾನು ಹೋದಾಗ ನನಗೆ ಬೀದರ್‌ನಲ್ಲಿ 24 ವರ್ಷ ಕಲಿಸಿದ ಅನುಭವ ಇತ್ತು. ಆದರೂ ಪಾಠ ಶುರು ಮಾಡಿದ ಮೊದಲ ತಿಂಗಳು ಮಣ್ಣು ಮುಕ್ಕಿದೆ. ಅಲ್ಲಿ 7ನೇ ತರಗತಿವರೆಗೆ ಸರ್ಕಾರಿ ಶಾಲೆಯ ಮಕ್ಕಳು ಎಲ್ಲವನ್ನೂ ಸ್ವಾಹಿಲಿಯಲ್ಲಿ ಓದುತ್ತಾರೆ. ಮುಂದೆ ಹೈಸ್ಕೂಲಿಗೆ, ಅವರ ಮಾತಿನಲ್ಲಿ ಫಾರ್ಮ್ ಒನ್‌ಗೆ, ಕಾಲಿಟ್ಟ ದಿನವೇ ಎಲ್ಲ ಇಂಗ್ಲಿಷ್. "ತಿಳೀತಾ?" ಅಂದರೆ ಇಡೀ ಕ್ಲಾಸು ಒಂದೇ ಸ್ವರದಲ್ಲಿ "ಯೆಸ್ ಮೇಡಂ". ನಾನೂ ನಂಬಿಕೊಂಡು ಮುಂದೆ ಓಡಿದೆ. ಮೊದಲ ಟೆಸ್ಟ್‌ನಲ್ಲಿ 48 ಮಕ್ಕಳಲ್ಲಿ ಪಾಸಾದವರು 7 ಜನ. ರಾತ್ರಿ ಪೇಪರ್ ತಿದ್ದುತ್ತಾ ಕೂತಾಗ ಗಮನಕ್ಕೆ ಬಂತು, ಬರೀ ಅಂಕಿ ಕೊಟ್ಟ ಲೆಕ್ಕ ಎಲ್ಲರದೂ ಸರಿ ಇದೆ, ವಾಕ್ಯದಲ್ಲಿ ಕೇಳಿದ ಲೆಕ್ಕ ಮಾತ್ರ ಬಹುತೇಕರು ಮುಟ್ಟಿಲ್ಲ. ಲೆಕ್ಕ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ! ಇದನ್ನು ಕಂಡುಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತಲ್ಲ ಅಂತ ನಾಚಿಕೆ ಆಯಿತು. ನಾನೇ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಸೈನ್ಸ್‌ಗೆ ಬಂದು, ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದವಳು.

ಮರುದಿನ ಬೋರ್ಡಿನ ಅರ್ಧ ಭಾಗ ಮಕ್ಕಳಿಗೆ ಬಿಟ್ಟುಕೊಟ್ಟೆ. ನಾನು ಇಂಗ್ಲಿಷ್ ಪದ ಬರೆಯುವುದು, ಅವರು ಸ್ವಾಹಿಲಿ ಪದ ಬರೆಯುವುದು. ಕೂಡಿಸುವುದು ಜುಮ್ಲಿಶಾ, ಕಳೆಯುವುದು ತೋವಾ, ಗುಣಿಸುವುದು ಜಿದಿಶಾ, ಭಾಗಿಸುವುದು ಗಾವಾನ್ಯಾ. ನಾನು ಅದನ್ನು ಬೀದರ್ ಧಾಟಿಯಲ್ಲಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕ ಮೇಲೆ ಪ್ರಶ್ನೆ ಕೇಳಲು ಶುರು ಮಾಡಿದರು.

ಅಪ್ಪನ ವಿಷಯ. ಅವರ ಭಯ ಮದುವೆಯದ್ದೊಂದೇ ಅಲ್ಲ ಅನಿಸುತ್ತದೆ. ಮಗಳು ಎಲ್ಲಿರುತ್ತಾಳೆ, ಯಾರ ಕೈಯಲ್ಲಿರುತ್ತಾಳೆ ಅನ್ನುವುದು ಅವರಿಗೆ ಗೊತ್ತಾಗಬೇಕು. ಕರೆಸುವ ಶಾಲೆಯಿಂದ ಲಿಖಿತ ಪತ್ರ ತರಿಸಿ ಅವರ ಕೈಗೆ ಕೊಡು, ಅಲ್ಲಿಯ ಮುಖ್ಯಸ್ಥರ ಜೊತೆ ಫೋನಿನಲ್ಲಿ ಮಾತಾಡಿಸು. ಮತ್ತೆ ಇದೊಂದು ನೆನಪಿಡು. ಟೂರಿಸ್ಟ್ ವೀಸಾ ಮೇಲೆ ಬಾ, ಆಮೇಲೆ ನೋಡೋಣ ಅಂತ ಯಾರಾದರೂ ಹೇಳಿದರೆ ಹೋಗಬೇಡ. ಟಾಂಜಾನಿಯಾದಲ್ಲಿ ಸಂಬಳ ಇಲ್ಲದೆ ಸೇವೆ ಮಾಡಿದರೂ ಪರವಾನಗಿ ಬೇಕು. ಮಿಷನರಿಗಳಿಗೆ, ಸ್ವಯಂಸೇವಕರಿಗೆ ಸಿ ವರ್ಗದ ವಾಸದ ಪರವಾನಗಿ ಅಂತಿದೆ, ಕೆಲಸದ ಪರವಾನಗಿ ಅದರಿಂದ ಬೇರೆ. ನನ್ನನ್ನು ಕಳಿಸಿದವರು ಈ ಕಾಗದ ತಡ ಮಾಡಿದ್ದರಿಂದ ಮೊದಲ ಆರು ವಾರ ನಾನು ಪಾಠ ಮಾಡುವ ಹಾಗಿರಲಿಲ್ಲ, ಸುಮ್ನೆ ಲೈಬ್ರರಿ ಪುಸ್ತಕಕ್ಕೆ ರಟ್ಟು ಹಾಕುತ್ತಾ ಕೂತಿದ್ದೆ.

ಅಕ್ಕೋರೆ, ಅಲ್ಲಿಯ ಭಾಷೆ ಕಲಿಯುವುದು ಕಷ್ಟ ಆಯಿತಾ? (ಬೀದರ್)

ಬೀದರ್‌ನವರಿಗೆ ಅಷ್ಟು ಕಷ್ಟ ಇಲ್ಲ ಅಂದರೆ ನಗಬೇಡಿ. ನಮ್ಮ ಸಂತೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಒಂದೇ ತಕ್ಕಡಿಯಲ್ಲಿ ತೂಗುತ್ತವಲ್ವಾ? ಸ್ವಾಹಿಲಿಯಲ್ಲಿ ಅರಬ್ಬಿ ಪದ ತುಂಬಾ ಇವೆ, ಹಿಂದಿಯವೂ ಇವೆ. ಪುಸ್ತಕ ಕಿತಾಬು, ಪೆನ್ನು ಕಲಾಮು, ಅಂಗಡಿ ದುಕಾ, ವಾಹನ ಗಾರಿ, ಜಗತ್ತು ದುನಿಯಾ, ಬಣ್ಣ ರಂಗಿ, ಔಷಧಿ ದಾವಾ. ನಾನು ಕಲಿಸಲು ಹೋದ ಗಣಿತದ ಹೆಸರೇ ಹಿಸಾಬಾತಿ. ಅಂದರೆ ಹಿಸಾಬು!

ಕೈಕೊಟ್ಟಿದ್ದು ಗಡಿಯಾರ. ಅಲ್ಲಿ ಜನ ಸೂರ್ಯ ಹುಟ್ಟಿದ ಲೆಕ್ಕದಲ್ಲಿ ಗಂಟೆ ಎಣಿಸುತ್ತಾರೆ. ನಮ್ಮ ಬೆಳಿಗ್ಗೆ 7 ಅವರಿಗೆ 1 ಗಂಟೆ. ಪೋಷಕರ ಸಭೆ 4ಕ್ಕೆ ಅಂದರು, ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಸಂಜೆ 4ಕ್ಕೆ ಹೋದೆ. ಸಭೆ ಬೆಳಿಗ್ಗೆ 10ಕ್ಕೇ ನಡೆದುಹೋಗಿತ್ತು. ಕಾವಲಿನ ಅಜ್ಜ ಒಬ್ಬನೇ ಕುರ್ಚಿ ಎತ್ತಿಡುತ್ತಿದ್ದ.

ಹಿರಿಯರು ಎದುರಾದರೆ "ಶಿಕಾಮೂ" ಅನ್ನಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಅನ್ನುವ ಅರ್ಥದಿಂದ ಬಂದ ಮಾತು. ಹಿರಿಯರು "ಮಾರಾಹಾಬಾ" ಅಂದು ಸ್ವೀಕರಿಸುತ್ತಾರೆ. ಕಾಲಿಗೆ ಬೀಳುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ, ಇದು ನನಗೆ ಅಲ್ಲಿ ಹೋದ ಮೇಲೆ ತಿಳಿದದ್ದು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ನಮಗೆಲ್ಲ ಗೊತ್ತು, ಇಬ್ಬರೂ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ತಯಾರಾಗಿ ಬಂದವರು. ಅದೇ ಬಾಸೆಲ್ ಶಾಲೆಯಲ್ಲಿ ಅವರಿಗಿಂತ ಮೊದಲು ಓದಿದ ಕ್ರಾಫ್ ಅನ್ನುವವರು 1844ರಲ್ಲಿ ಇಂಗ್ಲೆಂಡಿನ ಮಿಷನ್ ಪರವಾಗಿ ಈಗಿನ ಕೆನ್ಯಾದ ಮೊಂಬಾಸಾಕ್ಕೆ ಬಂದಿಳಿದರು. ಬಂದ ಕೆಲವೇ ತಿಂಗಳಲ್ಲಿ ಹೆಂಡತಿಯೂ ಹಸುಗೂಸೂ ತೀರಿಹೋದರು. ಅವರು ಸ್ವಾಹಿಲಿ ಪದ ಕೂಡಿಸುವುದು ಬಿಡಲಿಲ್ಲ. ಅವರ ನಿಘಂಟು ಅಚ್ಚಾಗಿ ಬಂದದ್ದು 1882ರಲ್ಲಿ, ಅವರು ಸತ್ತ ಮರುವರ್ಷ. ಅಂದರೆ ಒಂದೇ ಶಾಲೆಯ ಬೆಂಚಿನಿಂದ ಎದ್ದವರು ಇಬ್ಬರು ಕನ್ನಡದ ಕಡೆ, ಒಬ್ಬರು ಸ್ವಾಹಿಲಿಯ ಕಡೆ. ನಾನು ಕನ್ನಡದಿಂದ ಸ್ವಾಹಿಲಿಗೆ ಹೋದವಳು, ಇದು ನನಗೆ ಯಾಕೋ ಬಹಳ ಖುಷಿ ಕೊಟ್ಟಿತು.

ನೇರವಾಗಿ ಕೇಳುತ್ತೇನೆ, ಸಿಟ್ಟು ಬೇಡ. ಮಿಷನರಿ ಅಂದರೆ ಮತಾಂತರ ಮಾಡುವವರು ಅಲ್ವಾ? ಪಾಠ ಬರೀ ನೆಪ ತಾನೇ? (ಆಳಂದ)

ಸಿಟ್ಟು ಯಾಕೆ ಬರಬೇಕು ಅಣ್ಣ, ಎದುರಿಗೇ ಕೇಳಿದ್ದೀರಿ. ನಾನು ಕ್ರೈಸ್ತಳು, ನನ್ನ ನಂಬಿಕೆಯನ್ನು ಬಚ್ಚಿಟ್ಟುಕೊಂಡು ಹೋದವಳಲ್ಲ. ಐತ್ವಾರ ಆರಾಧನೆಗೆ ಹೋಗುತ್ತಿದ್ದೆ, ಸಂಡೇ ಸ್ಕೂಲ್ ನಡೆಸುತ್ತಿದ್ದೆ. ಆದರೆ ಮಸಾಸಿಯ ಸಭೆಗೆ ನಾನು ಹೋಗಿ ಹೊಸದಾಗಿ ಏನು ಸಾರಬೇಕಾಗಿತ್ತು ಹೇಳಿ? ಅದು 1876ರಿಂದ ಇದೆ. ಟಾಂಜಾನಿಯಾದ ದ್ವೀಪ ಜಂಜಿಬಾರ್‌ನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಬಿಡುಗಡೆಯಾದ ಗುಲಾಮರಲ್ಲಿ ಒಂದಿಷ್ಟು ಜನರನ್ನು ಬಿಷಪ್ ಸ್ಟೀರ್ ಕರೆತಂದು ನೆಲೆ ಹಾಕಿಸಿದ ಊರು ಅದು. ಅಲ್ಲಿಯ ಅಜ್ಜಂದಿರು ಹಾಡುವ ಕೀರ್ತನೆಯ ಮುಂದೆ ನಾನೇ ಶಿಷ್ಯೆ. ತರಗತಿಯಲ್ಲಿ ಮುಸ್ಲಿಂ ಮಕ್ಕಳೂ ಸಾಕಷ್ಟಿದ್ದರು. ರಂಜಾನ್ ತಿಂಗಳಲ್ಲಿ ಅವರಿಗೆ ಕೊನೆಯ ಪಿರಿಯಡ್‌ನಲ್ಲಿ ತಲೆ ಸುತ್ತುತ್ತದೆ ಅಂತ ಗಣಿತವನ್ನು ಬೆಳಿಗ್ಗೆಗೆ ಹಾಕಿಸಿಕೊಂಡೆ. ನನ್ನ ಒಂದು ವರ್ಷದಲ್ಲಿ ಯಾರೂ ಮತ ಬದಲಿಸಲಿಲ್ಲ, ಆರು ಜನ ಮಾತ್ರ ಲೆಕ್ಕದಲ್ಲಿ ಫೇಲಾದರು.

ಹಾಗಂತ ಮಿಷನ್‌ಗಳ ಇತಿಹಾಸವೆಲ್ಲ ಹಾಲಿನಂತಿದೆ ಅಂತ ನಾನು ಹೇಳುವುದಿಲ್ಲ. ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಅನ್ನುವ ರೋಗ ಅಲ್ಲಿ ಇತ್ತು, ಈಗಲೂ ಇದೆ. ಇದನ್ನು ಮುಖಕ್ಕೆ ಹೇಳಿದವರು ನಮ್ಮ ದೇಶದವರೇ ಆದ ಪಾದ್ರಿ ಅಜರಯ್ಯ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳೆಲ್ಲ ಸೇರಿದ್ದಾಗ ಎದ್ದು ನಿಂತು, ನೀವು ನಮಗೆ ಬಹಳ ಕೊಟ್ಟಿದ್ದೀರಿ, ನಮಗೆ ಸ್ನೇಹಿತರನ್ನು ಕೊಡಿ ಅಂತ ಕೇಳಿದರು. ಎರಡು ವರ್ಷದ ನಂತರ ದೋರ್ನಕಲ್‌ನ ಬಿಷಪ್ ಆದರು. ದೋರ್ನಕಲ್ ಆಗ ನಮ್ಮ ಬೀದರ್, ಕಲಬುರಗಿಯಂತೆ ನಿಜಾಮನ ಸೀಮೆ. ಬಿಳಿಯರಿಗೆ ಅವರು ಹೇಳಿದ್ದು ನನಗೇಕೆ ಅಂತ ನಾನು ಅಂದುಕೊಂಡಿದ್ದೆ. ಮಸಾಸಿಗೆ ಹೋದ ಮೇಲೆ ನೋಡಿದರೆ ನಾನೂ ಮಕ್ಕಳಿಗೆ ಚಾಕಲೇಟ್ ಹಂಚುತ್ತಾ ಫೋಟೋ ಹೊಡೆಸಿಕೊಳ್ಳುತ್ತಿದ್ದೆ. ಜೊತೆಯ ಟೀಚರ್ ಒಬ್ಬಳು, "ನಿಮ್ಮ ಊರಲ್ಲಿ ಪಕ್ಕದ ಮನೆ ಮಗುವಿಗೆ ಚಾಕಲೇಟ್ ಕೊಟ್ಟರೆ ಫೋಟೋ ತೆಗೀತೀರಾ?" ಅಂತ ಕೇಳಿದಳು. ಅವತ್ತೇ ಬಿಟ್ಟೆ.

ನಾವು ತೊಗರಿ ಬೆಳೆಯುವವರು. ಆಫ್ರಿಕಾದಿಂದ ತೊಗರಿ ತರಿಸಿ ನಮ್ಮ ರೇಟು ಬೀಳಿಸುತ್ತಾರೆ ಅಂತಾರೆ. ನೀವು ಇದ್ದ ಕಡೆ ತೊಗರಿ ಇತ್ತೇ? (ಸೇಡಂ)

ಇತ್ತು. ನಿಜ ಹೇಳಬೇಕೆಂದರೆ ನಾನು ಬರೆಯಬೇಕು ಅಂದುಕೊಂಡಿದ್ದೇ ಇದನ್ನು, ಯಾರೂ ಕೇಳುವುದಿಲ್ಲವೇನೋ ಅಂತಿದ್ದೆ.

ಅಲ್ಲಿ ತೊಗರಿಗೆ ಎಂಬಾಜಿ ಅನ್ನುತ್ತಾರೆ. ತೆಂಗಿನ ಹಾಲು ಹಾಕಿ ಬೇಯಿಸುತ್ತಾರೆ, ಬೇಳೆ ಮಾಡುವ ರೂಢಿ ಕಡಿಮೆ. ಬೆಳೆಯುವುದು ಮುಖ್ಯವಾಗಿ ಮಾರಲು, ಮಾರುವುದು ನಮ್ಮ ದೇಶಕ್ಕೆ. ಅಲ್ಲಿ ಕೊಯ್ಲು ಜುಲೈ ನಂತರ, ನಮ್ಮಲ್ಲಿ ಡಿಸೆಂಬರ್ ನಂತರ. ನಮ್ಮ ಮಾಲು ಮುಗಿಯುವ ಹೊತ್ತಿಗೆ ಅವರ ಮಾಲು ಬರುತ್ತದೆ.

2017ರ ಜನವರಿಯಲ್ಲಿ ನಾನು ಹೊರಟಾಗ ಚಿಂಚೋಳಿಯಲ್ಲಿ ನನ್ನ ಅಣ್ಣ ತೊಗರಿ ಚೀಲ ಇಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹಿಂದಿನ ವರ್ಷ ರೇಟು ಏರಿತ್ತು ಅಂತ ಎಲ್ಲರೂ ತೊಗರಿಯನ್ನೇ ಬಿತ್ತಿದ್ದರು, ಮಳೆಯೂ ಚೆನ್ನಾಗಿತ್ತು, ಫಸಲು ಮೇಲೆ ಫಸಲು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೆ ಇಳಿದಿತ್ತು. ಹೊರಗಿನ ತೊಗರಿ ನಿಲ್ಲಿಸಬೇಕು ಅಂತ ಅಣ್ಣ ಬೈಯುತ್ತಿದ್ದ, ನಾನೂ ಹೌದು ಅಂದಿದ್ದೆ.

ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಅಂತ ಮಿತಿ ಹಾಕಿತು. ಅಲ್ಲಿ ಆಗ ಕೊಯ್ಲಿನ ಹೊತ್ತು. ಎಂಬಾಜಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಒಂದು ದಿನ ಒಬ್ಬ ಅಪ್ಪ, ಹೆಚ್ಚುಕಡಿಮೆ ನನ್ನ ಅಣ್ಣನ ವಯಸ್ಸು, ಅಂಥದ್ದೇ ಬಿರುಕು ಬಿಟ್ಟ ಕಾಲು, ಮಗಳ ಫೀಸಿಗೆ ಸಮಯ ಕೇಳಲು ಶಾಲೆಗೆ ಬಂದ. ನಾನು ಭಾರತದವಳು ಅಂತ ಗೊತ್ತಾಯಿತು. ಜಗಳವಾಡಲಿಲ್ಲ. "ಮ್ವಾಲಿಮು, ನಿಮ್ಮವರಿಗೆ ನಮ್ಮ ಎಂಬಾಜಿ ಮೇಲೆ ಯಾಕೆ ಸಿಟ್ಟು?" ಅಂತ ಕೇಳಿದ. ಮ್ವಾಲಿಮು ಅಂದರೆ ಅಕ್ಕೋರು. ನನ್ನ ಅಣ್ಣನ ಕಥೆ ಹೇಳಿದೆ, ಅರ್ಧ ಸ್ವಾಹಿಲಿ, ಅರ್ಧ ಕೈಸನ್ನೆ. ಅವನು ಕೇಳಿಸಿಕೊಂಡು, ನಿಮ್ಮ ಅಣ್ಣನಿಗೆ ಎಷ್ಟು ಎಕರೆ ಇದೆ, ಸಾಲ ಎಷ್ಟಿದೆ ಅಂತ ವಿಚಾರಿಸಿದ. ನಾನು ಆ ವರ್ಷ ನೂರು ಸಲ ಪ್ರಾರ್ಥನೆ ಮಾಡಿದ್ದೇನೆ, ಆ ರಾತ್ರಿ ಮಾತ್ರ ಯಾರ ಬೆಲೆ ಏರಲಿ ಅಂತ ಕೇಳಬೇಕೋ ತಿಳಿಯಲಿಲ್ಲ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಹುಡುಗಿ ಶಾಲೆ ಬಿಟ್ಟಳಾ?" ಅಂದ. ಬಿಡಲಿಲ್ಲ, ಶಾಲೆಯವರು ಸಮಯ ಕೊಟ್ಟರು.

ನನ್ನ ಮಗ ಮುಂದಿನ ವರ್ಷ ಅಲ್ಲಿಗೆ ಸೇವೆಗೆ ಹೋಗುತ್ತಿದ್ದಾನೆ. ರೋಗರುಜಿನದ ಭಯ ಆಗುತ್ತದೆ ಅಕ್ಕ. (ಯಾದಗಿರಿ)

ಭಯಪಡಬೇಕಾದ್ದು ಮಲೇರಿಯಾಕ್ಕೆ, ಉಳಿದದ್ದಕ್ಕೆ ಅಷ್ಟಿಲ್ಲ. ಸೊಳ್ಳೆಪರದೆ ಇಲ್ಲದೆ ಒಂದು ರಾತ್ರಿಯೂ ಮಲಗಬಾರದು. ಹೋಗುವ ಮೊದಲೇ ಡಾಕ್ಟರ್ ಹತ್ತಿರ ತಡೆಗುಳಿಗೆ ಕೇಳಿ ಬರೆಸಿಕೊಳ್ಳಲಿ. ನನಗೆ ಮಾರ್ಚ್ ಮಳೆಯಲ್ಲಿ ಬಂತು. ತಪ್ಪು ನನ್ನದೇ, ಗುಳಿಗೆ ನುಂಗುವುದು ಬಿಟ್ಟಿದ್ದೆ. ಬೆರಳಿನ ರಕ್ತ ತೆಗೆದು ಅಲ್ಲೇ ಪರೀಕ್ಷೆ ಮಾಡಿದರು, ಮೂರು ದಿನಕ್ಕೆ 24 ಗುಳಿಗೆ ಕೊಟ್ಟರು. ಜ್ವರ ಬಂದರೆ "ನಾಳೆ ನೋಡೋಣ" ಅನ್ನದೆ ಅದೇ ದಿನ ದವಾಖಾನೆಗೆ ಹೋಗಲಿ, ಇದೊಂದನ್ನು ಅವನ ತಲೆಗೆ ತುಂಬಿ.

ಹಳದಿ ಜ್ವರದ (ಯೆಲ್ಲೋ ಫೀವರ್) ಸೂಜಿ ಎಲ್ಲ ಕಡೆ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಪ್ರಯಾಣಕ್ಕೆ 10 ದಿನ ಮೊದಲಾದರೂ ಆಗಿರಬೇಕು. ಇಥಿಯೋಪಿಯಾ ಅಥವಾ ಕೆನ್ಯಾದಲ್ಲಿ ನಿಂತು ಹೋಗಿ ಬರುವುದಿದ್ದರೆ, ಸೂಜಿ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡು ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಬೇರೆ ಇಡಬಹುದು.

ಸಂಬಳ ಎಷ್ಟು ಕೊಟ್ಟರು? (ಭಾಲ್ಕಿ)

ಸಂಬಳ ಇಲ್ಲ. ಇರಲು ಒಂದು ಕೋಣೆ, ಊಟ, ಕೈಖರ್ಚಿಗೆ ಸ್ವಲ್ಪ. ವಿಮಾನದ ಟಿಕೆಟ್ ನನ್ನ ಉಳಿತಾಯದಿಂದ. ದುಡಿಮೆಗೆ ಹೋಗುವುದಾದರೆ ಇದು ದಾರಿಯಲ್ಲ ತಮ್ಮ.

ನಾವು ಗೆಳೆಯರು ಸೇರಿ ಹಳೆಯ ಬಟ್ಟೆ ಕೂಡಿಸಿದ್ದೇವೆ. ನೀವಿದ್ದ ಶಾಲೆಗೆ ಕಳಿಸಬಹುದಾ? ಅಲ್ಲಿ ಊಟಕ್ಕೆ ಏನಿರುತ್ತದೆ? (ಶಹಾಪುರ)

ಬಟ್ಟೆ ಬೇಡ. ಹಳೆಯ ಬಟ್ಟೆಗೆ ಅಲ್ಲಿ ಮಿತುಂಬಾ ಅಂತ ದೊಡ್ಡ ಮಾರುಕಟ್ಟೆಯೇ ಇದೆ, ಸಾಗಣೆ ಖರ್ಚಿನಲ್ಲಿ ಅಲ್ಲೇ ಎರಡು ಪಟ್ಟು ಬರುತ್ತದೆ. ಕೂಡಿಸಿದ್ದನ್ನು ನಿಮ್ಮೂರಲ್ಲೇ ಕೊಡಿ.

ಊಟಕ್ಕೆ ಉಗಾಲಿ, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪು ಅಥವಾ ಕಾಳು. ಎರಡು ತಿಂಗಳಾದ ಮೇಲೆ ಸಂತೆಯಲ್ಲಿ ಎಂತಾಮಾ ಕಂಡೆ, ನಮ್ಮ ಜೋಳವೇ. ಹಿಟ್ಟು ಮಾಡಿಸಿ, ಬಿಸಿನೀರು ಹಾಕಿ ನಾದಿ, ಇದ್ದಿಲ ಒಲೆಯ ಮೇಲೆ ರೊಟ್ಟಿ ಬಡಿದೆ. ಮೊದಲ ನಾಲ್ಕು ಹರಿದವು. ಐದನೆಯದಕ್ಕೆ ಬೀದರ್‌ನಿಂದ ಒಯ್ದಿದ್ದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ಅಡುಗೆಮನೆಯ ಬೀಬಿಗೆ ಕೊಟ್ಟೆ. ಅಜ್ಜಿಗೆ ಅಲ್ಲಿ ಬೀಬಿ ಅನ್ನುತ್ತಾರೆ. ಬಾಯಿ ಉರಿದು ಎರಡು ಲೋಟ ನೀರು ಕುಡಿದು, ಇನ್ನೊಂದು ಕೊಡು ಅಂದಳು. ಈಗಲೂ ಆ ಶಾಲೆಯಿಂದ ಫೋನ್ ಬಂದರೆ ಅವಳು ಮಧ್ಯೆ ಬಾಯಿ ಹಾಕಿ ಕೇಳುವುದು ಅದನ್ನೇ. ಯಾದಗಿರಿಯ ತಾಯಿ, ನಿಮ್ಮ ಮಗ ಮಸಾಸಿ ಕಡೆಗೇ ಹೋಗುವುದಾದರೆ ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆಯಿರಿ. ಒಂದು ಕೆಜಿ ಹಿಂಡಿ ಕುಟ್ಟಿ ಡಬ್ಬಿ ಕಟ್ಟಿಕೊಡುತ್ತೇನೆ, ಖಾರ ಸ್ವಲ್ಪ ಕಡಿಮೆ ಹಾಕಿ.